ಉಲ್ಲನ್ ಗಿಡದ ಕಿಟ್ ತರಿಸುವ ಮೊದಲು ಪ್ಯಾಟರ್ನ್‌ನ ಲೆಕ್ಕ ನೋಡಿ

ಕ್ರೋಶಾದಲ್ಲಿ, ಅಂದರೆ ಕೊಕ್ಕೆ ಸೂಜಿಯ ಹೆಣಿಗೆಯಲ್ಲಿ, ಸಕ್ಯುಲೆಂಟ್ ಗಿಡ (ಎಲೆಯಲ್ಲಿ ನೀರು ಹಿಡಿದಿಡುವ ದಪ್ಪ ಎಲೆಯ ಗಿಡ) ಹೆಣೆಯುವ ಕಿಟ್ ಎಂದು ಇನ್‌ಸ್ಟಾಗ್ರಾಂನಲ್ಲಿ ಜಾಹೀರಾತು ಬರುತ್ತಿದೆ. ದುಡ್ಡು ಕಳಿಸುವ ಮೊದಲು ದಯವಿಟ್ಟು ಇದನ್ನು ಓದಿ. ಕಲಬುರಗಿಯಲ್ಲಿ ನಮ್ಮ ಓಣಿಯ ಹೆಣ್ಣುಮಕ್ಕಳು ಸೇರಿ ಅಂಥ ಕಿಟ್ ತರಿಸಿದೆವು. ಎಲ್ಲರಿಗೂ ಮೋಸವಾಯಿತು.

ನಮ್ಮೂರ ಬೇಸಿಗೆ ನಿಮಗೆ ಗೊತ್ತೇ ಇದೆ. ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ಮಹಡಿ ಮೇಲಿಟ್ಟ ಎಚೆವೆರಿಯಾ ಎಂಬ, ಗುಲಾಬಿ ಹೂವಿನಂತೆ ಎಲೆ ಜೋಡಿಸಿಕೊಂಡ ಸಕ್ಯುಲೆಂಟ್‌ನ ಎಲೆ ಸುಟ್ಟು ಕಂದುಬಣ್ಣಕ್ಕೆ ತಿರುಗುತ್ತದೆ. ಪಾಪ ಎಂದು ನೀರು ಜಾಸ್ತಿ ಹಾಕಿದರೆ ಬೇರು ಕೊಳೆಯುತ್ತದೆ. ಅದಕ್ಕೇ ನೂಲಿನ ಗಿಡದ ಮೇಲೆ ಆಸೆ. ವೈನಿಯ ಹೊಸ ಮನೆಯ ವಾಸ್ತುಶಾಂತಿಗೆ ಬಂದವರಿಗೆ ಸಣ್ಣ ಮಣ್ಣಿನ ಕುಂಡದಲ್ಲಿ ಒಂದೊಂದು ಗಿಡ ಕೊಡೋಣ ಎಂದು ಮಾತಾಡಿಕೊಂಡಿದ್ದೆವು.

ಜಾಹೀರಾತಿನ ಚಿತ್ರ ನೋಡಿದರೆ ಯಾರಿಗಾದರೂ ಬೇಕು ಅನಿಸುತ್ತದೆ. ನೀಲಿ ಹಸಿರು ಎಚೆವೆರಿಯಾ, ಬಿಳಿ ಪಟ್ಟೆಯ ಹಾವರ್ಥಿಯಾ, ಕುಂಡದಿಂದ ಇಳಿಬಿದ್ದ ಬಳ್ಳಿ. ನೂಲು, ಕ್ರೋಶಾ ಸೂಜಿ, ಪಿಡಿಎಫ್ ಪ್ಯಾಟರ್ನ್ (ಹೆಣೆಯುವ ಸೂಚನೆ) ಎಲ್ಲ ಸೇರಿ ಒಂದೇ ಬೆಲೆ. ಮೊದಲೇ ಯುಪಿಐನಲ್ಲಿ ಕಳಿಸಬೇಕು, ಪಾರ್ಸೆಲ್ ಬಂದ ಮೇಲೆ ದುಡ್ಡು ಕೊಡುವ ದಾರಿ ಇಲ್ಲ.

ಕಿಟ್ ಬಂತು. ಚೀಟಿಯಲ್ಲಿ ನೂರಕ್ಕೆ ನೂರು ಕಾಟನ್ ಎಂದು ಬರೆದಿತ್ತು. ನೂಲು ಮುಟ್ಟಿದರೆ ಅನುಮಾನ. ಒಂದು ತುಂಡನ್ನು ಸ್ಟೀಲ್ ತಟ್ಟೆಯ ಮೇಲೆ ಹಿಡಿದು ಬೆಂಕಿ ಸೋಕಿಸಿದೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತಗಿನ ಬೂದಿ ಉಳಿಯುತ್ತದೆ. ಇದು ಕರಗಿ ಗಟ್ಟಿ ಕಪ್ಪು ಗುಂಡಾಯಿತು. ಅಂದರೆ ಅಕ್ರಿಲಿಕ್‌ನಂಥ ಸಿಂಥೆಟಿಕ್ ನೂಲು. ಅಕ್ರಿಲಿಕ್ ಕೆಟ್ಟದ್ದೇನಲ್ಲ, ಗಿಡಕ್ಕೆ ನಡೆಯುತ್ತದೆ. ಆದರೆ ನಾವು ಕೊಟ್ಟದ್ದು ಕಾಟನ್‌ನ ಬೆಲೆ.

ನೂಲಿನದಾದರೂ ನುಂಗಿಕೊಳ್ಳಬಹುದಿತ್ತು. ಪ್ಯಾಟರ್ನ್‌ನದು ಹಾಗಲ್ಲ.

ಕ್ರೋಶಾ ಹಾಕುವವರಿಗೆ ಈ ಲೆಕ್ಕ ಬಾಯಿಪಾಠ. ಸಿಂಗಲ್ ಕ್ರೋಶಾ ಎಂಬ ಸಾದಾ ಹೊಲಿಗೆಯಲ್ಲಿ ಚಪ್ಪಟೆ ವೃತ್ತ ಬೇಕಾದರೆ ಮೊದಲು ನೂಲಿನ ಕುಣಿಕೆಯಲ್ಲಿ, ಅಂದರೆ ಮ್ಯಾಜಿಕ್ ರಿಂಗ್‌ನಲ್ಲಿ 6 ಹೊಲಿಗೆ ಹಾಕುತ್ತೇವೆ. ಎರಡನೇ ಸುತ್ತಿನಲ್ಲಿ ಪ್ರತಿಯೊಂದರಲ್ಲೂ ಎರಡೆರಡು, 12 ಆಯಿತು. ಮೂರನೇ ಸುತ್ತಿನಲ್ಲಿ ಒಂದರಲ್ಲಿ ಒಂದು, ಅದರ ಪಕ್ಕದ್ದರಲ್ಲಿ ಎರಡು, 18. ನಂತರ 24. ಈ ಪಿಡಿಎಫ್‌ನಲ್ಲಿ ಮೂರನೇ ಸುತ್ತಿಗೆ ಇದೇ ಮಾತು ಬರೆದು ಕೊನೆಗೆ 20 ಎಂದು ಹಾಕಿದ್ದರು. ಮುಂದಿನದಕ್ಕೆ 23. ಅಷ್ಟೇ ಅಲ್ಲ, ಎಲೆ ಎಂದು ಕೊಟ್ಟ ಸೂಚನೆಯಲ್ಲಿ ಸುತ್ತು ಹಿಗ್ಗಿಸಿ ಮತ್ತೆ ಕುಗ್ಗಿಸಿ ಮುಚ್ಚಲು ಹೇಳಿದ್ದರು. ಹಾಗೆ ಮಾಡಿದರೆ ಚೆಂಡು ಬರುತ್ತದೆ, ಎಲೆ ಎಲ್ಲಿಂದ ಬರಬೇಕು?

ಎಚೆವೆರಿಯಾ ನಿಜವಾಗಿ ಹೆಣೆಯುವುದೇ ಬೇರೆ. ಉದ್ದ ಚೈನ್ ಹಾಕಿ, ಅದರ ಮೇಲೆ ಸಾಲಾಗಿ ಎಲೆ ತೆಗೆದು, ಆ ಪಟ್ಟಿಯನ್ನು ಸುರುಳಿ ಸುತ್ತಿ ಬುಡದಲ್ಲಿ ಹೊಲಿಯುತ್ತಾರೆ. ಇಲ್ಲವಾದರೆ ಒಂದೊಂದು ಎಲೆ ಬೇರೆ ಮಾಡಿ, ದೊಡ್ಡವು ಕೆಳಗೆ, ಸಣ್ಣವು ಮೇಲೆ ಬರುವಂತೆ ಜೋಡಿಸುತ್ತಾರೆ. ಕೆಳಗಿನ ಎರಡು ಎಲೆಗಳ ಸಂದಿಗೆ ಮೇಲಿನ ಎಲೆ ಕೂರಬೇಕು. ಆಗಲೇ ಅದು ಗಿಡದ ಹಾಗೆ ಕಾಣುವುದು.

ಅಂಗಡಿಯವರಿಗೆ ಮೆಸೇಜ್ ಮಾಡಿದರೆ ಬಂದ ಉತ್ತರ: "ಮೇಡಂ, ಹೆಣೆಯುವಾಗ ನಿಮ್ಮ ಕೈ ಬಿಗಿ ಇದೆ. ಬಿಗಿನರ್ಸ್‌ಗೆ ಹೀಗೇ ಆಗುತ್ತೆ, ಪ್ರಾಕ್ಟೀಸ್ ಮಾಡಿ." ನನಗೆ ಸಿಟ್ಟು ಬಂದದ್ದು ಇಲ್ಲಿಯೇ. ನಮ್ಮಲ್ಲಿ ಈಗಷ್ಟೇ ಕಲಿಯುತ್ತಿದ್ದ ಹುಡುಗಿಯೊಬ್ಬಳು ಆ ಮಾತು ನಂಬಿಬಿಟ್ಟಳು. ಬಿಚ್ಚುವುದು, ಮತ್ತೆ ಹಾಕುವುದು, ರಾತ್ರಿ ಎಲ್ಲ ಇದೇ. ಕೊನೆಗೆ ತನಗೆ ಇದು ಬರುವುದಿಲ್ಲ ಎಂದು ಸೂಜಿ ಎತ್ತಿಟ್ಟಳು. ಪಕ್ಕದ ಮನೆಯ ಕಾಕು ದೇವರ ಮನೆಯ ಪಡದೆ, ಬಾಗಿಲ ತೋರಣ ಎಲ್ಲ ಕ್ರೋಶಾದಲ್ಲೇ ಹಾಕುವವರು. ಅವರಿಗೆ ಓದಿ ಹೇಳಿದೆವು. "ಲೆಕ್ಕನ ಕೂಡವಲ್ದು ತಂಗಿ. ಹನ್ನೆರಡಕ್ಕ ಆರು ಕೂಡಿಸಿದ್ರ ಇಪ್ಪತ್ತ ಹ್ಯಾಂಗ ಆಗ್ತದ? ಕೂಸಿನ ಕೈಗೆ ಯಾಕ ಬೈತೀರಿ?" ಎಂದರು.

ಆಮೇಲೆ ಚಿತ್ರಗಳನ್ನು ದೊಡ್ಡದು ಮಾಡಿ ನೋಡಿದೆವು. ಒಂದು ಎಲೆ ಇನ್ನೊಂದರೊಳಗೆ ಕರಗಿಹೋಗಿತ್ತು. ಒಂದು ಕಡೆ ಕ್ರೋಶಾ, ಪಕ್ಕದಲ್ಲೇ ಎರಡು ಕಡ್ಡಿಯ ಸ್ವೆಟರ್ ಹೆಣಿಗೆ. ಹೊಲಿಗೆ ಎಣಿಸಲು ಹೋದರೆ ಸಾಲೇ ಸಿಗುವುದಿಲ್ಲ. ಅದು ಎಐ ಮಾಡಿದ ಚಿತ್ರ ಎಂಬುದರಲ್ಲಿ ನನಗೆ ಅನುಮಾನ ಉಳಿದಿಲ್ಲ. ಆ ಗಿಡವನ್ನು ಯಾರೂ ಹೆಣೆದೇ ಇಲ್ಲ.

ಆದ್ದರಿಂದ ಕೊಳ್ಳುವ ಮೊದಲು ಹೆಣೆದ ಗಿಡವನ್ನು ಕೈಯಲ್ಲಿ ಹಿಡಿದು ತೆಗೆದ ವಿಡಿಯೋ ಕೇಳಿ. ಬುಡ ಮತ್ತು ಹಿಂಬದಿಯೂ ಕಾಣಬೇಕು. ಪ್ಯಾಟರ್ನ್‌ನ ಒಂದು ಪುಟ ಕೇಳಿ, ಎರಡು ಮೂರು ಸುತ್ತು ಕೂಡಿಸಿ ನೋಡಿ. ಹೊಲಿಗೆಯ ಹೆಸರು ಯಾವ ದೇಶದ ಪದ್ಧತಿಯದು ಎಂದೂ ನೋಡಿ, ಅಮೆರಿಕದವರ ಸಿಂಗಲ್ ಕ್ರೋಶಾವೇ ಬ್ರಿಟನ್‌ನವರ ಡಬಲ್ ಕ್ರೋಶಾ. ಹೆಣೆದು ಬರೆದವರು ತಮ್ಮದು ಯಾವ ಪದ್ಧತಿ ಎಂದು ಸಾಮಾನ್ಯವಾಗಿ ಮೊದಲೇ ಹೇಳುತ್ತಾರೆ. ನಮಗೆ ಬಂದದ್ದರಲ್ಲಿ ಎರಡೂ ಕಲಸಿತ್ತು. ಮಾರುವವರ ವಿಳಾಸ ಪೇಜಿನಲ್ಲಿ ಇಲ್ಲದಿದ್ದರೆ ಮುಂದೆ ಹೋಗಲೇಬೇಡಿ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಆನ್‌ಲೈನ್ ಮಾರಾಟದಲ್ಲಿ ವಿಳಾಸ, ದೂರು ಕೇಳುವವರ ಹೆಸರು ಎರಡೂ ಇರಬೇಕು.

ಈಗಾಗಲೇ ಸಿಕ್ಕಿಬಿದ್ದಿದ್ದರೆ ಚಾಟ್, ಯುಪಿಐ ರಸೀದಿ, ಜಾಹೀರಾತಿನ ಸ್ಕ್ರೀನ್‌ಶಾಟ್, ಪಾರ್ಸೆಲ್ ಮೇಲಿನ ಚೀಟಿ ಏನನ್ನೂ ಬಿಸಾಡಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ದುಡ್ಡು ತೆಗೆದುಕೊಂಡು ಪಾರ್ಸೆಲ್ಲನ್ನೇ ಕಳಿಸದೆ ಮಾಯವಾದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷದವರೆಗಿನ ದೂರಿಗೆ ಶುಲ್ಕ ಇಲ್ಲ. ಮಾರಿದವರು ಎಲ್ಲಿಯವರೇ ಇರಲಿ, 2019ರ ಕಾಯ್ದೆಯಂತೆ ನೀವು ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ನಾವು ಸಹಾಯವಾಣಿ 1915ಕ್ಕೆ ದೂರು ಬರೆಸಿದ್ದೇವೆ. ಇಂಥದೇ ಕಿಟ್ ಬೀದರ್, ಯಾದಗಿರಿ ಕಡೆ ಯಾರಿಗಾದರೂ ಬಂದಿದ್ದರೆ ನೀವೂ ಬರೆಸಿ.