ಥ್ರೆಡ್ ಹಾಕುವಾಗ ಲೇತನ್ನು ರಿವರ್ಸ್ ತಿರುಗಿಸುವ ಮುನ್ನ ಚಕ್ ಬಿಚ್ಚಿ ನೋಡಿ

ಮನೆಯಲ್ಲೇ ಸಣ್ಣ ಲೇತ್ ಇಟ್ಟುಕೊಂಡು ಥ್ರೆಡ್ ಹಾಕುವವರು, ಅದರಲ್ಲೂ ಹಳೆಯ ಯಂತ್ರಕ್ಕೆ ಹೊಸದಾಗಿ ವಿಎಫ್‌ಡಿ (ಮೋಟಾರಿನ ವೇಗ, ದಿಕ್ಕು ಬದಲಿಸುವ ವಿದ್ಯುತ್ ಸಾಧನ) ಜೋಡಿಸಿಕೊಂಡವರು, ಮೋಟಾರನ್ನು ರಿವರ್ಸ್‌ಗೆ ಹಾಕುವ ಮೊದಲು ಕೆಲಸದ ತುಂಡನ್ನು ಹಿಡಿಯುವ ಚಕ್, ಅದನ್ನು ತಿರುಗಿಸುವ ಸ್ಪಿಂಡಲ್‌ನ ಮೇಲೆ ಹೇಗೆ ಕೂತಿದೆ ಎಂಬುದನ್ನು ಒಮ್ಮೆ ಕಣ್ಣಾರೆ ನೋಡಿಕೊಳ್ಳಲಿ ಎಂಬ ಉದ್ದೇಶದಿಂದ ಇದನ್ನು ಬರೆಯುತ್ತಿದ್ದೇನೆ. ನಾನು ನೋಡಿಕೊಂಡಿರಲಿಲ್ಲ. ಎಡಗೈ ಉಂಗುರ ಬೆರಳಿನ ತುದಿಯ ಮೂಳೆ ಮುರಿದು, ಆರು ಹೊಲಿಗೆ ಬಿದ್ದು, ಒಂದೂವರೆ ತಿಂಗಳು ಶೆಡ್ಡಿನ ಬಾಗಿಲು ತೆರೆಯದೆ ಕುಳಿತಿದ್ದೆ.

ದಾವಣಗೆರೆಯ ನಿಟುವಳ್ಳಿಯಲ್ಲಿರುವ ನಮ್ಮ ಮನೆಯ ಹಿಂದೆ ತಗಡಿನ ಶೆಡ್ ಒಂದಿದೆ. ಅಲ್ಲಿರುವ ಲೇತ್ ನಾನು ಸೆಕೆಂಡ್ ಹ್ಯಾಂಡ್ ಕೊಂಡದ್ದು. ಬೆಲ್ಟಿನಿಂದ ಓಡುವ ಬೆಂಚ್ ಲೇತ್, 125 ಮಿಲಿಮೀಟರಿನ ಮೂರು ದವಡೆಯ ಚಕ್, ಟೂಲನ್ನು ಸಾಗಿಸಲು ಇಂಚಿಗೆ 8 ಸುತ್ತಿನ ಲೀಡ್ ಸ್ಕ್ರೂ. ಮಾರಿದವರು ಸ್ಪಿಂಡಲ್ಲಿಗೂ ಲೀಡ್ ಸ್ಕ್ರೂವಿಗೂ ನಡುವೆ ಬದಲಿಸಿ ಹಾಕುವ ಚೇಂಜ್ ಗೇರುಗಳ ಡಬ್ಬಿಯನ್ನು ತೋರಿಸಿ, ಇದರಲ್ಲಿ ಎಲ್ಲ ಥ್ರೆಡ್ಡೂ ಬರುತ್ತದೆ ಎಂದಿದ್ದರು. ಅದು ನಿಜವೇ ಆಗಿತ್ತು. ಚಕ್ ನಟ್ಟಿನಂತೆ ಸ್ಪಿಂಡಲ್ ಮೂತಿಗೆ ತಿರುಗಿಸಿ ಕೂರಿಸುವ ಬಗೆಯದು ಎಂಬುದನ್ನು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಚನ್ನಗಿರಿ ಕಡೆಯ ನೆಂಟರೊಬ್ಬರು ತಮ್ಮ ಅಡಿಕೆ ಸುಲಿಯುವ ಯಂತ್ರದ ಗಿಡ್ಡ ಶಾಫ್ಟೊಂದನ್ನು ತಂದುಕೊಟ್ಟರು. ಬೇರಿಂಗ್ ಬಿಗಿಯುವ ಲಾಕ್ ನಟ್ಟಿನ ಥ್ರೆಡ್ ಪೂರ್ತಿ ನುಣ್ಣಗಾಗಿತ್ತು. ಅಳತೆ ಎಂ25, ಅಂದರೆ 25 ಮಿಲಿಮೀಟರ್ ವ್ಯಾಸ; ಪಿಚ್, ಅಂದರೆ ಒಂದು ಸುತ್ತಿನಿಂದ ಮುಂದಿನ ಸುತ್ತಿಗೆ ಇರುವ ಅಂತರ, 1.5 ಮಿಲಿಮೀಟರ್. ನಾನು ವಿಚಾರಿಸಿದ ಅಂಗಡಿಗಳಲ್ಲಿ ಆ ಅಳತೆಯ ಡೈ (ಕೈಯಿಂದ ಥ್ರೆಡ್ ಕೊರೆಯುವ ಉಪಕರಣ) ಸಿಗದಿದ್ದುದರಿಂದ ಹೊಸ ಶಾಫ್ಟ್ ತಿರುವಿ ಲೇತಿನಲ್ಲೇ ಥ್ರೆಡ್ ಹಾಕಲು ನಿಂತೆ.

ಮೊದಲ ಶಾಫ್ಟ್ ಹಾಳಾದದ್ದು ಬೇರೆಯದೇ ತಪ್ಪಿನಿಂದ. ಇಂಚಿನ ಲೀಡ್ ಸ್ಕ್ರೂವಿನಲ್ಲಿ ಮಿಲಿಮೀಟರ್ ಥ್ರೆಡ್ ತೆಗೆಯಲು 127 ಹಲ್ಲಿನ ಗೇರು ಬೇಕು. ಒಂದು ಇಂಚಿಗೆ 25.4 ಮಿಲಿಮೀಟರ್, ಐದು ಇಂಚಿಗೆ ಸರಿಯಾಗಿ 127. ಸ್ಪಿಂಡಲ್ ಕಡೆ 60 ಹಲ್ಲು, ಲೀಡ್ ಸ್ಕ್ರೂ ಕಡೆ 127 ಹಲ್ಲು ಕಟ್ಟಿ ಮೊದಲ ಗೀರು ಎಳೆದು ಪಿಚ್ ಗೇಜ್ ಇಟ್ಟು ನೋಡಿದರೆ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಆ ಖುಷಿಯಲ್ಲಿ ಲೀಡ್ ಸ್ಕ್ರೂವನ್ನು ಕಚ್ಚಿ ಹಿಡಿಯುವ ಹಾಫ್ ನಟ್ ಬಿಡಿಸಿ, ಟೂಲ್ ಹೊತ್ತ ಕ್ಯಾರೇಜನ್ನು ಕೈಯಲ್ಲಿ ಹಿಂದಕ್ಕೆ ತಂದು, ಮತ್ತೆ ಯಾವಾಗ ಕಚ್ಚಿಸಬೇಕೆಂದು ತೋರಿಸುವ ಥ್ರೆಡ್ ಡಯಲ್ ಮೇಲೆ ಅದೇ ಅಂಕಿ ಬಂದಾಗ ಮತ್ತೆ ಕಚ್ಚಿಸಿದೆ. ಎರಡನೆಯ ಗೀರು ಮೊದಲನೆಯದರ ಪಕ್ಕದಲ್ಲಿ ಬಿತ್ತು, ಮೂರನೆಯದು ಉಳಿದಿದ್ದ ಏಣನ್ನೂ ತಿಂದು ಹಾಕಿತು. ಡಯಲ್ ಸುಳ್ಳು ಹೇಳಿರಲಿಲ್ಲ. ಅದು ಎಣಿಸುವುದು ಲೀಡ್ ಸ್ಕ್ರೂವಿನ ಇಂಚಿನ ಲೆಕ್ಕವನ್ನು ಮಾತ್ರ. ಹಾಫ್ ನಟ್ ಪ್ರತಿ 3.175 ಮಿಲಿಮೀಟರಿಗೊಮ್ಮೆ ಕಚ್ಚಿಕೊಳ್ಳಬಲ್ಲದು, ನನ್ನ ಥ್ರೆಡ್ ಇರುವುದು 1.5ಕ್ಕೊಂದು; ಇವೆರಡೂ ಒಂದಕ್ಕೊಂದು ಕೂಡಿಬರುವುದು 190.5 ಮಿಲಿಮೀಟರಿಗೆ ಒಂದೇ ಸಲ. ಹಾಗಾಗಿ ಇಂತಹ ಜೋಡಣೆಯಲ್ಲಿ ಕೆಲಸ ಮುಗಿಯುವವರೆಗೆ ಹಾಫ್ ನಟ್ ಬಿಡಿಸಬಾರದು, ಟೂಲನ್ನು ಹೊರಗೆ ಎಳೆದುಕೊಂಡು ಯಂತ್ರವನ್ನೇ ಹಿಂದಕ್ಕೆ ತಿರುಗಿಸಿ ಕ್ಯಾರೇಜನ್ನು ಶುರುವಿನ ಜಾಗಕ್ಕೆ ತರಬೇಕು. ಇದು ಸರಿಯಾದ ಕ್ರಮವೇ, ಎಲ್ಲರೂ ಹೇಳಿಕೊಡುವುದೂ ಇದನ್ನೇ. ಆದರೆ ಈ ಮಾತು ಹೇಳುವವರ ಲೇತಿನ ಚಕ್ ಬೋಲ್ಟಿನಿಂದಲೋ ಕ್ಯಾಮ್ ಲಾಕಿನಿಂದಲೋ ಹಿಡಿದಿರುತ್ತದೆ, ಕೇಳಿಸಿಕೊಳ್ಳುವವರದು ಹಾಗಿರಲಿಕ್ಕಿಲ್ಲ ಎಂಬುದು ಹೇಳುವಾಗ ಯಾರಿಗೂ ನೆನಪಾಗುವುದಿಲ್ಲ.

ನನ್ನ ಹಳೆಯ ಸಿಂಗಲ್ ಫೇಸ್ ಮೋಟಾರಿನಲ್ಲಿ ರಿವರ್ಸ್ ಇರಲಿಲ್ಲ. ಹೇಗೂ ಬದಲಿಸುವುದೇ ಆಯಿತೆಂದು ಒಂದು ಎಚ್‌ಪಿಯ ಮೂರು ಫೇಸ್ ಮೋಟಾರನ್ನೂ ಮನೆಯ ಕರೆಂಟಿನಲ್ಲೇ ಓಡುವ ವಿಎಫ್‌ಡಿಯನ್ನೂ ತಂದು ಕೂರಿಸಿದೆ. ಅಂಗಡಿಯವರು ಮೋಟಾರ್ ನಿಲ್ಲುವ ಸಮಯವನ್ನು ಐದು ಸೆಕೆಂಡಿಗೆ ಇಟ್ಟುಕೊಟ್ಟಿದ್ದರು. ಅದನ್ನು ಬದಲಿಸಿದವನು ನಾನೇ, ಬದಲಿಸಲು ನನ್ನ ಬಳಿ ಒಳ್ಳೆಯ ಕಾರಣವೂ ಇತ್ತು. ಥ್ರೆಡ್ ಮುಗಿಯುವಲ್ಲಿ ಬೇರಿಂಗ್ ಕೂರುವ ಮೆಟ್ಟಿಲಿದೆ, ಅದಕ್ಕೆ ಮೊದಲು ಟೂಲ್ ನಿಲ್ಲಲು ನಾನು ಬಿಟ್ಟಿದ್ದ ತೋಡು ನಾಲ್ಕೇ ಮಿಲಿಮೀಟರ್ ಅಗಲ. ವಿಎಫ್‌ಡಿಯಲ್ಲಿ ವೇಗ ತೀರಾ ಇಳಿಸಿದರೆ ಮೋಟಾರಿನ ಕಸುವು ಉಡುಗಿ ಟೂಲ್ ಅದುರುತ್ತಿತ್ತು, ಆದ್ದರಿಂದ ನಿಮಿಷಕ್ಕೆ 200 ಸುತ್ತು ಇಟ್ಟುಕೊಂಡೆ. ಆ ವೇಗದಲ್ಲಿ ಟೂಲ್ ಸೆಕೆಂಡಿಗೆ ಐದು ಮಿಲಿಮೀಟರ್ ಸಾಗುತ್ತದೆ. ಐದು ಸೆಕೆಂಡು ತೆಗೆದುಕೊಂಡು ನಿಂತರೆ ಸ್ವಿಚ್ ಒತ್ತಿದ ಮೇಲೂ ಹನ್ನೆರಡು ಮಿಲಿಮೀಟರ್ ಮುಂದೆ ಹೋಗಿ ಮೆಟ್ಟಿಲಿಗೆ ಗುದ್ದುವುದು ಖಚಿತ. ಅರ್ಧ ಸೆಕೆಂಡಿನಲ್ಲಿ ನಿಂತರೆ ಒಂದೂಕಾಲು ಮಿಲಿಮೀಟರ್ ಅಷ್ಟೆ. ಕಾಗದದ ಮೇಲೆ ಲೆಕ್ಕ ಹಾಕಿಯೇ ಅರ್ಧ ಸೆಕೆಂಡಿಗೆ ಇಳಿಸಿದೆ. ಟೂಲಿನ ಲೆಕ್ಕ ಸರಿಯಿತ್ತು, ಅದರಲ್ಲಿ ಚಕ್ಕಿನ ಲೆಕ್ಕ ಸೇರಿರಲಿಲ್ಲ.

ತಿರುಗಿಸಿ ಕೂರಿಸುವ ಚಕ್ ಮುಂದಕ್ಕೆ ತಿರುಗುತ್ತಾ ಕೆಲಸ ಮಾಡುವಾಗ ಟೂಲಿನ ಒತ್ತಡವೇ ಅದನ್ನು ಇನ್ನಷ್ಟು ಬಿಗಿಯುತ್ತದೆ, ಆದ್ದರಿಂದ ವರ್ಷಗಟ್ಟಲೆ ಏನೂ ಆಗುವುದಿಲ್ಲ. ಸ್ಪಿಂಡಲ್ ಗಕ್ಕನೆ ನಿಂತಾಗ ಮಾತ್ರ ನಾಲ್ಕೈದು ಕಿಲೋ ತೂಕದ ಚಕ್ ತನ್ನ ಓಟದಲ್ಲೇ ಮುಂದಕ್ಕೆ ಹೋಗಲು ನೋಡುತ್ತದೆ. ಅದು ಬಿಚ್ಚಿಕೊಳ್ಳುವ ದಿಕ್ಕು. ಮರುಕ್ಷಣವೇ ಸ್ಪಿಂಡಲ್ ಹಿಂದಕ್ಕೆ ಜಗ್ಗಿದರೆ ಹಿಂದುಳಿಯುವ ಚಕ್ ಮತ್ತೆ ಅದೇ ದಿಕ್ಕಿನಲ್ಲಿ ಸಡಿಲಗೊಳ್ಳುತ್ತದೆ. ಸಾಲದ್ದಕ್ಕೆ ಹಿಂದಿನ ವಾರವಷ್ಟೇ ಸ್ಪಿಂಡಲ್ ಮೂತಿಯನ್ನು ಒರೆಸಿ, ಎಣ್ಣೆ ಸವರಿ, ಚಕ್ಕನ್ನು ಬರಿಗೈಯಲ್ಲಿ ತಿರುವಿ ಕೂರಿಸಿದ್ದೆ.

ಎರಡನೆಯ ಶಾಫ್ಟಿನಲ್ಲಿ ಮೊದಲ ನಾಲ್ಕು ಗೀರಿನ ಕೆಲಸ ಚೆನ್ನಾಗಿಯೇ ನಡೆಯಿತು. ಐದನೆಯದರಲ್ಲಿ ನಿಲ್ಲಿಸಿದಾಗ ‘ಟಕ್’ ಎಂದು ಸಣ್ಣ ಸದ್ದು ಬಂತು. ಬೆಲ್ಟಿನ ಜೋಡಣೆ ಪುಲ್ಲಿಗೆ ತಾಗಿರಬೇಕೆಂದುಕೊಂಡು ಟೂಲ್ ಎಳೆದು ರಿವರ್ಸ್ ಒತ್ತಿದೆ. ಚಕ್ ಎಂದಿನಂತೆ ತಿರುಗಲಿಲ್ಲ. ಸೋಮಾರಿಯಂತೆ ಅರ್ಧಂಬರ್ಧ ತಿರುಗುತ್ತಾ, ಅದಕ್ಕೂ ಸ್ಪಿಂಡಲ್ ಹೊತ್ತ ಹೆಡ್‌ಸ್ಟಾಕಿಗೂ ನಡುವೆ ಹೊಳೆಯುವ ಥ್ರೆಡ್ಡಿನ ಪಟ್ಟಿಯೊಂದು ಕಾಣಿಸಿಕೊಂಡು ಅಗಲವಾಗುತ್ತಾ ಹೋಯಿತು. ಅದು ಏನೆಂದು ಅರ್ಥವಾಗಲು ನನಗೆ ಹಿಡಿದ ಸಮಯದಲ್ಲೇ ಚಕ್ ಪೂರ್ತಿ ಕಳಚಿ, ಜಾಬ್ (ಹಿಡಿದಿದ್ದ ಶಾಫ್ಟ್) ಸಮೇತ ಕೆಳಗಿನ ಬೆಡ್ ಮೇಲೆ ಬಿದ್ದು, ಅರ್ಧ ಉರುಳು ಉರುಳಿತು. ಎಣ್ಣೆಯ ಬ್ರಷ್ ಹಿಡಿದಿದ್ದ ಎಡಗೈ ಬೆಡ್ಡಿನ ಅಂಚಿನ ಮೇಲೇ ಇತ್ತು. ನೋವಿಗಿಂತ ಮೊದಲು ನನಗೆ ಕಂಡದ್ದು ಬ್ರಷ್ಷಿನ ಮರದ ಹಿಡಿ ಚಪ್ಪಟೆಯಾಗಿದ್ದುದು.

ನಮ್ಮ ಬೀದಿಯಲ್ಲಿ ನಿವೃತ್ತ ಟರ್ನರ್ ಒಬ್ಬರಿದ್ದಾರೆ. 1941ರಲ್ಲಿ ಹರಿಹರದಲ್ಲಿ ಆರಂಭವಾಗಿ ಲೇತ್‌ಗಳಿಗೇ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ದುಡಿದವರು. ನೋಡಲು ಬಂದವರು ನನ್ನ ಪಟ್ಟಿ ಸುತ್ತಿದ ಕೈಯನ್ನು ಒಮ್ಮೆ ನೋಡಿ, ಆಮೇಲೆ ಬಹಳ ಹೊತ್ತು ಬೆಡ್ ಮೇಲೆ ಬೆರಳಾಡಿಸಿದರು. “ಇದು ರಿವರ್ಸ್ ಹೊಡಿಯೋ ಚಕ್ ಅಲ್ರೀ” ಎಂದದ್ದು ಬಿಟ್ಟರೆ ಬೈಯಲೂ ಇಲ್ಲ. ಶಾಫ್ಟಿನ ತುದಿಗೆ ಎದುರು ಬದಿಯ ಟೇಲ್‌ಸ್ಟಾಕಿನಿಂದ ಸೆಂಟರ್ (ಮೊನಚು ಆಧಾರ) ಕೊಟ್ಟಿದ್ದರೆ ಚಕ್ ಹೊರಗೆ ಸರಿಯಲು ಜಾಗವಿಲ್ಲದೆ ಬಹುಶಃ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು ಎಂದರು. ಗಿಡ್ಡ ಜಾಬ್ ಎಂದು ನಾನು ಸೆಂಟರ್ ಕೊಟ್ಟಿರಲಿಲ್ಲ. ಆದರೆ ಅದನ್ನು ನಂಬಿಕೊಂಡು ರಿವರ್ಸ್ ಹೊಡೆಯಲು ಅವರೂ ಒಪ್ಪುವುದಿಲ್ಲ.

ಟೂಲನ್ನು ತಲೆಕೆಳಗಾಗಿ ಕಟ್ಟಿ, ಸ್ಪಿಂಡಲನ್ನು ಹಿಂದಕ್ಕೆ ತಿರುಗಿಸಿ, ಚಕ್ಕಿನ ಕಡೆಯಿಂದ ಹೊರಗೆ ಥ್ರೆಡ್ ಹಾಕುವ ಉಪಾಯವೊಂದು ಹವ್ಯಾಸಿಗಳಲ್ಲಿ ಚಾಲ್ತಿಯಲ್ಲಿದೆ. ಮೆಟ್ಟಿಲಿಗೆ ಗುದ್ದುವ ಭಯವಿಲ್ಲದ್ದರಿಂದ ಸೊಗಸಾದ ಉಪಾಯವೇ. ತಿರುಗಿಸಿ ಕೂರಿಸುವ ಚಕ್ಕಿನಲ್ಲಿ ಮಾತ್ರ ಇದು ನಾನು ಮಾಡಿದ್ದಕ್ಕಿಂತಲೂ ಅಪಾಯಕಾರಿ, ಏಕೆಂದರೆ ಅಲ್ಲಿ ಟೂಲಿನ ಪೂರ್ತಿ ಒತ್ತಡವೇ ಚಕ್ಕನ್ನು ಬಿಚ್ಚುತ್ತಿರುತ್ತದೆ. ಚಕ್ಕಿನ ಹಿಂಬದಿಯ ಪ್ಲೇಟಿನಲ್ಲಿ ಸ್ಪಿಂಡಲನ್ನು ಕಚ್ಚಿ ಹಿಡಿಯುವ ಲಾಕ್ ಇರುವ ಯಂತ್ರಗಳೂ ಇವೆ. ಅದಿಲ್ಲದವರು ದಯವಿಟ್ಟು ಆ ದಾರಿಗೆ ಹೋಗಬೇಡಿ.

ಈಗ ನಾನು ಮಾಡುವುದು ಟರ್ನರ್ ಹೇಳಿಕೊಟ್ಟ ನಿಧಾನದ ದಾರಿ. ಸ್ಪಿಂಡಲ್ಲಿನ ಹಿಂತುದಿಯ ರಂಧ್ರದೊಳಗೆ ಹಿಗ್ಗಿ ಕಚ್ಚಿಕೊಳ್ಳುವ ಕೈಹಿಡಿಯೊಂದನ್ನು ಮಾಡಿಕೊಂಡೆ. ಮೋಟಾರಿನ ಪ್ಲಗ್ ಕಿತ್ತು, ಬೆಲ್ಟ್ ಸಡಿಲಿಸಿ, ಹಾಫ್ ನಟ್ ಕಚ್ಚಿಸಿಯೇ ಇಟ್ಟು ಕೈಯಿಂದಲೇ ಮುಂದಕ್ಕೂ ಹಿಂದಕ್ಕೂ ತಿರುವುತ್ತೇನೆ. ಇಪ್ಪತ್ತು ಮಿಲಿಮೀಟರ್ ಉದ್ದದ ಥ್ರೆಡ್ಡಿಗೆ ಒಂದು ಸಲಕ್ಕೆ ಹದಿನೈದು ಹದಿನಾರು ಸುತ್ತು, ಆಳ 0.92 ಮಿಲಿಮೀಟರ್ ಆಗುವವರೆಗೆ ಮೊದಲು ಹತ್ತನೇ ಒಂದು ಮಿಲಿಮೀಟರಿನಂತೆ, ಕೊನೆಗೆ ಅದರ ಅರ್ಧದಂತೆ ಕೊಡುತ್ತಾ ಹೋದರೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ತೋಡಿನೊಳಗೆ ಟೂಲ್ ಬಂದು ನಿಲ್ಲುವುದು ಕೈಗೇ ಗೊತ್ತಾಗುತ್ತದೆ. ನೆಂಟರ ಲಾಕ್ ನಟ್ ಮೂರನೆಯ ಶಾಫ್ಟಿಗೆ ಬೆರಳಲ್ಲೇ ಓಡಿತು. ಕೆಲಸ ಮುಗಿದ ಕೂಡಲೇ ಕೈಹಿಡಿಯನ್ನು ತೆಗೆದು ಪ್ಲಗ್ಗಿನ ಪಕ್ಕದ ಮೊಳೆಗೆ ನೇತುಹಾಕುತ್ತೇನೆ, ಅದು ಮೊಳೆಯ ಮೇಲೆ ಕಾಣದಿದ್ದರೆ ಪ್ಲಗ್ ಮುಟ್ಟುವುದಿಲ್ಲ; ಕೈಹಿಡಿ ಸಮೇತ ಸ್ಪಿಂಡಲ್ ವೇಗವಾಗಿ ತಿರುಗಿದರೆ ಅದು ಕಬ್ಬಿಣದ ರಾಟೆಯಂತೆ ಬೀಸುತ್ತದೆ. ವಿಎಫ್‌ಡಿ ಈಗಲೂ ಇದೆ. ನಿಲ್ಲುವ ಸಮಯ ಮತ್ತೆ ಐದು ಸೆಕೆಂಡಾಗಿದೆ, ರಿವರ್ಸ್ ಒತ್ತಿದರೂ ತಿರುಗದಂತೆ ಸೆಟ್ಟಿಂಗಿನಲ್ಲೇ ತಡೆದಿದ್ದೇನೆ.

ಚಕ್ ಬಿದ್ದು ಬೆಡ್ ಪೆಟ್ಟಾದವರಿಗೆ ಇನ್ನೊಂದು ಮಾತು. ಗುಂಡಿಯನ್ನು ಕಂಡು ಗಾಬರಿಯಿಂದ ಅರ ಹಿಡಿದು ಉಜ್ಜಬೇಡಿ. ಕ್ಯಾರೇಜಿಗೆ ತೊಡಕಾಗುವುದು ಗುಂಡಿಯಲ್ಲ, ಅದರ ಸುತ್ತ ಎದ್ದು ನಿಂತ ಅಂಚು. ಎಣ್ಣೆಗಲ್ಲನ್ನು ಚಪ್ಪಟೆಯಾಗಿ ಇಟ್ಟು, ಬೆರಳಿಗೆ ಅಂಚು ತಾಗದಂತಾಗುವವರೆಗೆ ಮಾತ್ರ ಉಜ್ಜಿ, ಪುಡಿಯನ್ನು ಬಟ್ಟೆಯಿಂದ ಪೂರ್ತಿ ತೆಗೆದು ಎಣ್ಣೆ ಹಾಕಿದರೆ ಸಾಕು. ನನ್ನ ಬೆಡ್ಡಿನಲ್ಲಿ ಹೆಡ್‌ಸ್ಟಾಕಿನಿಂದ ಒಂದು ಗೇಣು ದೂರದಲ್ಲಿ ದವಡೆಯ ಮೂಲೆ ಕಚ್ಚಿದ ಗುರುತು ಹಾಗೆಯೇ ಉಳಿದಿದೆ, ಕೆಲಸಕ್ಕೇನೂ ಅಡ್ಡಿಯಾಗಿಲ್ಲ.