ಮೈಲಾಪುರ ಜಾತ್ರೆಯಲ್ಲಿ ತಂದ ಕುರಿ ಉಣ್ಣೆ ನೂಲು: ಅತ್ತೆಯ ಸಂಚಿ ಹೆಣೆದ ಮೇಲೆ

ಈ ನೂಲಿಗೆ ಲೇಬಲ್ ಇಲ್ಲ, ಕಂಪನಿ ಹೆಸರಿಲ್ಲ. ಕಳೆದ ಸಂಕ್ರಾಂತಿಗೆ ಯಾದಗಿರಿ ಹತ್ತಿರದ ಮೈಲಾಪುರ ಮಲ್ಲಯ್ಯನ ಜಾತ್ರೆಗೆ ಹೋದಾಗ, ಕಂಬಳಿ ಹರಡಿಕೊಂಡು ಕೂತಿದ್ದ ಒಬ್ಬ ಆಯಿ ಹತ್ತಿರ ತಗೊಂಡಿದ್ದು. ಅರ್ಧ ಕಿಲೋಗೆ 250 ರೂಪಾಯಿ, ನಾಲ್ಕು ಉಂಡೆ. ಬಣ್ಣ ಹಾಕಿಲ್ಲ, ಕುರಿಯ ಬಣ್ಣವೇ. ಹೆಚ್ಚಿನದು ಕಪ್ಪು, ನಡುನಡುವೆ ಕಂದು ಎಳೆ. ನಮ್ಮ ಕಡೆಯ ದಖ್ಖನಿ ಕುರಿಯ ಉಣ್ಣೆ, ಮನೆಯಲ್ಲೇ ನೂತದ್ದು.

ನನಗೆ ಬೇಕಿದ್ದದ್ದು ಕಂಬಳಿಯಲ್ಲ. ನಮ್ಮ ಅತ್ತೆ ಎಲೆ ಅಡಿಕೆ ತಿನ್ನುತ್ತಾರೆ. ಅವರ ಬಟ್ಟೆ ಸಂಚಿ ಹರಿದು ಹೋಗಿತ್ತು. ಎಲೆ, ಅಡಿಕೆ, ನಾಲ್ಕು ನೋಟು ಹಿಡಿಯುವಂಥ ಒಂದು ಸಣ್ಣ ಪರ್ಸ್ ಹೆಣೆದು, ಬಿಸಿನೀರಲ್ಲಿ ತಿಕ್ಕಿ ಕುಗ್ಗಿಸಿ ದಪ್ಪ ಮಾಡಬೇಕು ಅಂತ ಆಸೆ. ಫೆಲ್ಟಿಂಗ್ ಅಂತಾರಲ್ಲ, ಅದು. ಹಾಗೆ ಮಾಡಿದ ಬಟ್ಟೆಯನ್ನು ಕತ್ತರಿಸಿದರೂ ಎಳೆ ಬಿಚ್ಚುವುದಿಲ್ಲ.

ಇದಕ್ಕೂ ಮೊದಲು ಕಲಬುರಗಿಯ ಒಂದು ಅಂಗಡಿಯಲ್ಲಿ ‘ಪ್ಯೂರ್ ವೂಲ್’ ಅಂತ ಹೇಳಿ ಕೊಟ್ಟ ಮರೂನ್ ಉಲನ್ ತಂದಿದ್ದೆ. ಎರಡು ವಾರ ಕೂತು ಹೆಣೆದೆ. ಒಂದು ಗಂಟೆ ಬಿಸಿನೀರಲ್ಲಿ ತಿಕ್ಕಿದೆ. ಒಂದು ಬೆರಳಿನಷ್ಟೂ ಕುಗ್ಗಲಿಲ್ಲ. ಸುಮ್ನೆ ಜೋತುಬಿದ್ದ ಹಾಗೆ ಆಯಿತು. ಉಳಿದ ದಾರದ ತುದಿಗೆ ಕಡ್ಡಿಪೆಟ್ಟಿಗೆಯ ಕಡ್ಡಿ ಗೀರಿ ಹಿಡಿದೆ. ದಾರ ಕರಗಿ, ಗಟ್ಟಿ ಮಣಿಯಾಗಿ ನಿಂತಿತು. ಅದು ಅಕ್ರಿಲಿಕ್. ಅಸಲಿ ಉಣ್ಣೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಇದನ್ನು ಕೊಳ್ಳುವ ಮೊದಲೇ ಮಾಡಿ ನೋಡಿ. ಒಂದು ಗೇಣು ದಾರ ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಎರಡು ವಾರದ ಕೈಕೆಲಸ ಹಾಳಾದ ಸಂಕಟ ನನಗೆ ಇನ್ನೂ ಇದೆ.

ಅಸಲಿ ಉಣ್ಣೆಯಾಗಿದ್ದರೂ ಲೇಬಲ್ ಮೇಲೆ ‘ಸೂಪರ್‌ವಾಶ್’ ಅಂತ ಇದ್ದರೆ ಈ ಕೆಲಸಕ್ಕೆ ಬೇಡ. ಉಣ್ಣೆಯ ಒಂದೊಂದು ಕೂದಲಿನ ಮೇಲೂ ಕಣ್ಣಿಗೆ ಕಾಣದಷ್ಟು ಸಣ್ಣ ಹುರುಪೆಗಳಿರುತ್ತವೆ, ಮೀನಿನ ಮೈ ಮೇಲೆ ಇರುವ ಹಾಗೆ. ಬಿಸಿನೀರು, ಸಬೂನು, ತಿಕ್ಕಾಟ ಮೂರೂ ಸೇರಿದಾಗ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಿಗಿಯುತ್ತವೆ. ಸೂಪರ್‌ವಾಶ್ ದಾರದಲ್ಲಿ ಆ ಹುರುಪೆಗಳನ್ನು ಮೊದಲೇ ಸವೆಸಿರುತ್ತಾರೆ, ಇಲ್ಲವೇ ಮೇಲೆ ಲೇಪ ಕೊಟ್ಟು ಮುಚ್ಚಿರುತ್ತಾರೆ.

ಆಯಿ ಎರಡು ಥರದ ಉಂಡೆ ಇಟ್ಟಿದ್ದರು. ಚೀಲ ಹೆಣೆದು ಬಿಸಿನೀರಲ್ಲಿ ತಿಕ್ಕಬೇಕು ಅಂತ ಹೇಳಿದೆ. ಎರಡನ್ನೂ ನನ್ನ ಕೈಗೆ ಕೊಟ್ಟು ಎಳೆದು ನೋಡು ಅಂದರು. “ಹೊಕ್ಕಿಂದು ಒಯ್ಯಿ ಯವ್ವಾ, ಹಾಸಿಂದು ಭಾಳ ಬಿಗಿ ಅದ.” ಈ ಒಂದು ಮಾತು ನನ್ನ ಕೆಲಸ ಉಳಿಸಿತು. ಮಗ್ಗದಲ್ಲಿ ಉದ್ದಕ್ಕೆ ಕಟ್ಟುವ ಎಳೆ ಹಾಸು, ಅಡ್ಡಕ್ಕೆ ತೂರಿಸುವ ಎಳೆ ಹೊಕ್ಕು. ಹಾಸಿನ ನೂಲನ್ನು ಬಿಗಿಯಾಗಿ ಹುರಿ ಮಾಡಿರುತ್ತಾರೆ, ಮೇಲೆ ಹುಣಸೆ ಬೀಜದ ಗಂಜಿ ಬೇರೆ ಕೊಡುತ್ತಾರೆ. ಹುರಿ ಬಿಗಿಯಾದರೆ ಕೂದಲಿಗೆ ಅಲ್ಲಾಡಲು ಜಾಗ ಇರುವುದಿಲ್ಲ, ಫೆಲ್ಟ್ ಆಗುವುದು ನಿಧಾನ. ಹೊಕ್ಕಿನ ನೂಲು ಸಡಿಲ. ನೀವೂ ಕೇಳಿದರೆ ಹೊಕ್ಕಿನದೇ ಕೇಳಿ.

ಹೆಣೆಯುವುದರಲ್ಲಿ ಕಷ್ಟ ಏನಿಲ್ಲ. ಮೂರು ನಂಬರ್ ಕಡ್ಡಿ, ಅಂದರೆ 6.5 ಮಿಲಿಮೀಟರ್. 24 ಕುಣಿಕೆ ಹಾಕಿ, ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ. ಅಗಲ ಏಳೂವರೆ ಇಂಚು ಬಂತು. 20 ಇಂಚು ಉದ್ದದ ಪಟ್ಟಿ ಮಾಡಿ, ಏಳೂವರೆ ಇಂಚಿಗೆ ಮಡಚಿ, ಉಳಿದ ಐದು ಇಂಚನ್ನು ಮುಚ್ಚಳಕ್ಕೆ ಬಿಟ್ಟೆ. ಹೆಣಿಗೆ ಎಷ್ಟು ಜಾಳಾಗಿತ್ತು ಅಂದರೆ ಬೆರಳು ತೂರುತ್ತಿತ್ತು. ಹಾಗೇ ಇರಬೇಕು. ಪಕ್ಕದ ಹೊಲಿಗೆಗೂ ಅದೇ ಉಣ್ಣೆ ಬಳಸಿ. ಹತ್ತಿ ದಾರ ಕುಗ್ಗುವುದಿಲ್ಲ, ಅಂಚು ಸುಕ್ಕಾಗುತ್ತದೆ.

ನೂಲು ಎಲ್ಲೆಡೆ ಒಂದೇ ದಪ್ಪ ಇಲ್ಲ. ಸಣ್ಣ ಮುಳ್ಳು, ಹುಲ್ಲಿನ ಚೂರು ಸಿಗುತ್ತವೆ. ಹೆಣೆಯುತ್ತಾ ಆರಿಸಿ ತೆಗೆಯಬೇಕು, ಇಲ್ಲದಿದ್ದರೆ ಆಮೇಲೆ ಒಳಗೇ ಕೂತುಬಿಡುತ್ತವೆ. ಕುರಿಯ ವಾಸನೆ ಮೊದಲ ವಾರ ಜಾಸ್ತಿ. ಮಗಳು ಮೂಗು ಮುಚ್ಚಿಕೊಂಡಳು. ನನಗೆ ಅಜ್ಜನ ಕಂಬಳಿ ನೆನಪಾಯಿತು.

ಈಗ ತಿಕ್ಕುವ ವಿಷಯ. ಮಾರ್ಚ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಕೂತೆ. ಮೊದಲು ಬೋರಿನ ನೀರಲ್ಲಿ ಶುರು ಮಾಡಿದ್ದೆ. ನಮ್ಮ ಓಣಿಯ ಬೋರಿನ ನೀರು ಗಡಸು, ಎಷ್ಟು ಸಬೂನು ಹಾಕಿದರೂ ನೊರೆ ಬರಲಿಲ್ಲ, ಬಿಳಿ ಜಿಡ್ಡು ತೇಲಿತು. ಅದನ್ನು ಚೆಲ್ಲಿ ನಳದ ನೀರು ಕಾಯಿಸಿಕೊಂಡೆ. ರಬ್ಬರ್ ಗ್ಲೌಸ್ ಹಾಕಿಕೊಂಡು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇಟ್ಟು, ಸ್ನಾನದ ಸಬೂನು ಹಚ್ಚಿ ಎಲ್ಲಾ ದಿಕ್ಕಿಗೂ ತಿಕ್ಕಿದೆ. ಮೊದಲ ಹತ್ತು ನಿಮಿಷ ಪರ್ಸ್ ಕುಗ್ಗುವ ಬದಲು ಹಿಗ್ಗಿತು! ಕೈ ಬಿಡಬೇಡಿ, ಅದು ಸಹಜ. ನೀರು ಮಣ್ಣಿನ ಬಣ್ಣ ಆಯಿತು. ಬದಲಾಯಿಸಿದೆ. ಇಪ್ಪತ್ತು ನಿಮಿಷ ದಾಟಿದ ಮೇಲೆ ಕೈಗೆ ಗೊತ್ತಾಗತೊಡಗಿತು. ಕುಣಿಕೆಗಳು ಮಸುಕಾದವು, ಬಟ್ಟೆ ದಪ್ಪ ಅನ್ನಿಸಿತು. ಐದು ನಿಮಿಷಕ್ಕೊಮ್ಮೆ ಒಳಗೆ ಕೈ ಹಾಕಿ ಬಿಡಿಸಬೇಕು, ಇಲ್ಲದಿದ್ದರೆ ಎರಡೂ ಪದರ ಅಂಟಿಕೊಳ್ಳುತ್ತವೆ. ಬಿಸಿನೀರು, ತಣ್ಣೀರು, ಮತ್ತೆ ಬಿಸಿನೀರು. ನಮ್ಮ ದಖ್ಖನಿ ಉಣ್ಣೆ ಒರಟು, ಮೆರಿನೋ ಕುರಿಯ ನಯವಾದ ಉಣ್ಣೆಯ ಹಾಗೆ ಬೇಗ ಒಗ್ಗುವುದಿಲ್ಲ. ಒಟ್ಟು ಮುಕ್ಕಾಲು ಗಂಟೆ ಹಿಡಿಯಿತು. ಭುಜ ನೋಯಿತು, ಆದರೆ ಕೈಯಲ್ಲಿ ಬಟ್ಟೆ ಬದಲಾಗುವುದನ್ನು ನೋಡುವ ಖುಷಿ ಬೇರೆಯೇ.

ಕೊನೆಗೆ ಅಗಲ ಆರು ಇಂಚಿಗೆ, ಎತ್ತರ ಐದು ಇಂಚಿಗೆ ಬಂತು. ಅಗಲಕ್ಕಿಂತ ಎತ್ತರ ಜಾಸ್ತಿ ಕುಗ್ಗುತ್ತದೆ, ಲೆಕ್ಕ ಹಾಕುವಾಗ ಇದು ನೆನಪಿರಲಿ. ಟವೆಲಿನಲ್ಲಿ ಸುತ್ತಿ ಹಿಂಡಿ, ಒಳಗೆ ಪ್ಲಾಸ್ಟಿಕ್ ಸುತ್ತಿದ ಸಣ್ಣ ಡಬ್ಬಿ ಇಟ್ಟು ಆಕಾರ ಕೊಟ್ಟು ಮಾಳಿಗೆ ಮೇಲೆ ಇಟ್ಟೆ. ಕಲಬುರಗಿಯ ಬಿಸಿಲು ಅಲ್ವಾ, ಸಂಜೆಗೆ ಒಣಗಿತ್ತು.

ಒಳಗೆ ಗುಳೇದಗುಡ್ಡ ಖಣದ ತುಂಡು ಕೊಟ್ಟು ಹೊಲಿದೆ. ಗುಂಡಿ ಬದಲು ಬೀದರಿನ ಚೌಬಾರಾ ಹತ್ತಿರ ಯಾವಾಗಲೋ ಕೊಂಡಿದ್ದ ಬಿದ್ರಿ ಪದಕ ಹಾಕಿದೆ. ಸತುವಿನ ಲೋಹ, ತೂಕ ಇದೆ, ಮುಚ್ಚಳ ತಾನಾಗಿ ಕೂರುತ್ತದೆ. ಕರಿ ಉಣ್ಣೆ ಮೇಲೆ ಕರಿ ಬಿದ್ರಿ, ನಡುವೆ ಬೆಳ್ಳಿಯ ಬಳ್ಳಿ. ಇಷ್ಟು ಚೆಂದ ಕಾಣುತ್ತದೆ ಅಂತ ನಾನೇ ಅಂದುಕೊಂಡಿರಲಿಲ್ಲ.

ಕುತ್ತಿಗೆಗೆ ಮಫ್ಲರ್, ಮಗುವಿಗೆ ಟೋಪಿ ಮಾಡಲು ಈ ನೂಲು ತರಬೇಡಿ, ಚುಚ್ಚುತ್ತದೆ. ಸಂಚಿಗೆ, ಪರ್ಸಿಗೆ, ಮೊಬೈಲ್ ಚೀಲಕ್ಕೆ ಇದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ಪರ್ಸಿಗೆ ಹಿಡಿದದ್ದು ಒಂದು ಉಂಡೆಗಿಂತ ಕಡಿಮೆ, ಅಂದರೆ ಅರವತ್ತು ರೂಪಾಯಿ ಒಳಗೆ.

ಆರು ತಿಂಗಳಿಂದ ಅತ್ತೆಯ ಸೊಂಟದಲ್ಲಿದೆ. ಅಂಚು ಸವೆದಿಲ್ಲ, ಹೊಲಿಗೆ ಬಿಟ್ಟಿಲ್ಲ. ಒಂದೇ ಕಡೆ, ಒಳಮೂಲೆಯಲ್ಲಿ, ಸುಣ್ಣದ ಡಬ್ಬಿ ಸೋರಿ ಉಣ್ಣೆ ತೆಳುವಾಗಿದೆ. ಸುಣ್ಣ ಉಣ್ಣೆಯನ್ನು ತಿನ್ನುತ್ತದೆ. ಖಣ ಬಿಚ್ಚಿ ಅಲ್ಲಿಗೆ ಉಳಿದ ನೂಲಿನಿಂದ ತೇಪೆ ಹಾಕಿದೆ, ಸುಣ್ಣಕ್ಕೆ ತಿರುಪಿನ ಮುಚ್ಚಳದ ಸ್ಟೀಲ್ ಡಬ್ಬಿ ತಂದುಕೊಟ್ಟೆ. ಈಗ ಅತ್ತೆಯ ತಂಗಿಗೂ ಒಂದು ಬೇಕಂತೆ. ಉಳಿದ ಮೂರು ಉಂಡೆಯಲ್ಲಿ ಕಂದು ಎಳೆ ಹೆಚ್ಚಿರುವುದನ್ನು ಅವರಿಗೆ ಅಂತ ತೆಗೆದಿಟ್ಟಿದ್ದೇನೆ.