ತೊಗಲು ಮೊಟ್ಟೆಗೆ ಯಾವುದು ಮೇಲು: ಮೊಟ್ಟೆ ಸಿಪ್ಪೆ, ಚಿಪ್ಪಿನ ಚೂರು, ಬಾಟಲಿ ಕ್ಯಾಲ್ಸಿಯಂ?

ಮೂಡಿಗೆರೆ ಕಡೆ ಪುನರ್ವಸು, ಪುಷ್ಯ ಮಳೆ ಹಿಡಿದರೆ ಹಿತ್ತಲ ಕೋಳಿಗಳಿಗೆ ಕಷ್ಟಕಾಲ. ಬಿಸಿಲಿಲ್ಲ, ಹೊರಗೆ ಮೇಯಲು ಬಿಡುವಂತಿಲ್ಲ. ಮೊಟ್ಟೆ ಕಡಿಮೆಯಾಗುತ್ತದೆ. ಇಟ್ಟದ್ದೂ ಒಮ್ಮೊಮ್ಮೆ ಗಟ್ಟಿ ಸಿಪ್ಪೆಯಿಲ್ಲದ ತೊಗಲು ಮೊಟ್ಟೆ. ನಮ್ಮಲ್ಲಿ ನಾಟಿ ಹ್ಯಾಟೆಗಳಿಗಿಂತ ಗಿರಿರಾಜ ಕೋಳಿಗಳಲ್ಲೇ ಇದು ಜಾಸ್ತಿ. ಹೆಚ್ಚು ಮೊಟ್ಟೆ ಇಡುವ ಕೋಳಿಗೆ ಕ್ಯಾಲ್ಸಿಯಂ ಕೂಡ ಹೆಚ್ಚು ಬೇಕು ಅಲ್ವಾ? ಒಂದು ಮೊಟ್ಟೆಯ ಸಿಪ್ಪೆಗೇ ಸುಮಾರು 2 ಗ್ರಾಂ ಹೋಗುತ್ತದೆ.

ಎಲ್ಲರೂ ಮೊದಲು ಹೇಳುವುದು ರಾಗಿ. ರಾಗಿ ಒಳ್ಳೆಯದೇ, ಆದರೆ ಇದಕ್ಕೆ ಸಾಲದು. 100 ಗ್ರಾಂ ರಾಗಿಯಲ್ಲಿ ಇರುವುದು ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ. ಕೋಳಿ ದಿನಕ್ಕೆ ತಿನ್ನುವುದೇ 100–120 ಗ್ರಾಂ ಆಹಾರ. ಇನ್ನು ಎಲೆ ಅಡಿಕೆಯ ಸುಣ್ಣವನ್ನು ನೀರಿಗೆ ಕದಡಿ ಇಡುವವರಿದ್ದಾರೆ. ದಯವಿಟ್ಟು ಬೇಡ. ಅದು ಕೋಳಿಯ ಬಾಯಿ, ಗಂಟಲು ಸುಡುತ್ತದೆ.

ಮೊಟ್ಟೆ ಸಿಪ್ಪೆಗೆ ಕಾಸಿನ ಖರ್ಚಿಲ್ಲ. ತೊಳೆದು, ಒಲೆಯ ಮೇಲೆ ಚೆನ್ನಾಗಿ ಹುರಿದು, ಒರಳಲ್ಲಿ ಕುಟ್ಟಿ ಕೊಟ್ಟೆ. ಹುರಿಯುವುದು ರೋಗಾಣು ಸಾಯಲಿ ಅಂತ. ಕುಟ್ಟುವುದು ಕೋಳಿಗೆ ಅದು ಮೊಟ್ಟೆ ಅಂತ ಗುರುತು ಸಿಗದಿರಲಿ ಅಂತ. ರುಚಿ ಹತ್ತಿದರೆ ಗೂಡಿನ ಮೊಟ್ಟೆಯನ್ನೇ ಕುಕ್ಕುತ್ತವೆ. ಸಿಪ್ಪೆ ಸ್ವಲ್ಪ ಗಟ್ಟಿಯಾಯಿತು, ನಿಜ. ಆದರೆ ಮೊಟ್ಟೆ ಮಾರುವ ಮನೆಯಲ್ಲಿ ಸಿಪ್ಪೆ ಉಳಿಯುವುದೆಷ್ಟು? ಮಳೆಗಾಲದ ತೇವಕ್ಕೆ ಪುಡಿ ಗಂಟು ಕಟ್ಟುತ್ತದೆ ಬೇರೆ.

ನನ್ನ ಓಟು ಚಿಪ್ಪಿನ ಚೂರಿಗೆ. ಕಪ್ಪೆಚಿಪ್ಪು ಒಡೆದು ಮಾಡಿದ್ದು, ಕೋಳಿ ಫೀಡ್ ಅಂಗಡಿಯಲ್ಲಿ ಸಿಗುತ್ತದೆ. ಮೊಟ್ಟೆಯ ಮೇಲೆ ಸಿಪ್ಪೆ ಕಟ್ಟಲು ಸುಮಾರು 20 ಗಂಟೆ ಬೇಕು. ಆ ಕೆಲಸದ ಬಹುಪಾಲು ನಡೆಯುವುದು ರಾತ್ರಿ, ಕೋಳಿ ಏನೂ ತಿನ್ನದ ಹೊತ್ತಿನಲ್ಲಿ. ನುಣ್ಣಗಿನ ಪುಡಿ ಅಷ್ಟರೊಳಗೆ ಹೊಟ್ಟೆಯಿಂದ ಮುಂದೆ ಸಾಗಿರುತ್ತದೆ. ದಪ್ಪ ಚೂರು ಕಾಳು ಅರೆಯುವ ಹೊಟ್ಟೆಯಲ್ಲೇ ಉಳಿದು ನಿಧಾನವಾಗಿ ಕರಗುತ್ತದೆ. ಅದಕ್ಕೇ ಸಂಜೆ ಗೂಡಿಗೆ ಸೇರಿಸುವ ಮೊದಲು ಬೇರೆ ಬಟ್ಟಲಲ್ಲಿ ಇಡುತ್ತೇನೆ. ಮೊಟ್ಟೆ ಇಡುವ ಕೋಳಿಗಳು ಬೇಕಾದಷ್ಟು ಆರಿಸಿ ತಿನ್ನುತ್ತವೆ, ಹುಂಜಗಳು ಹೆಚ್ಚು ಮುಟ್ಟುವುದಿಲ್ಲ. ಎಲ್ಲರ ಆಹಾರಕ್ಕೂ ಬೆರೆಸಬಾರದು. ಮೊಟ್ಟೆಗೆ ಬಾರದ ಮರಿಗಳಿಗೆ ಕ್ಯಾಲ್ಸಿಯಂ ಜಾಸ್ತಿಯಾದರೆ ಮೂತ್ರಪಿಂಡ ಹಾಳಾಗುತ್ತದೆ. ಕೆಲವು ವಾರಗಳಲ್ಲಿ ತೊಗಲು ಮೊಟ್ಟೆ ಅಪರೂಪವಾಯಿತು. ಸಿಪ್ಪೆ ಕೈಗೆ ಗಟ್ಟಿ ಅನಿಸತೊಡಗಿತು.

ಹಾಗಾದರೆ ಬಾಟಲಿ ಕ್ಯಾಲ್ಸಿಯಂ ಬೇಡವೇ? ಬೇಕು, ಆದರೆ ದಿನಾ ಅಲ್ಲ. ಕುಡಿಯುವ ನೀರಿಗೆ ಬೆರೆಸಿ ಕೊಡುವ ಈ ದ್ರವಕ್ಕೆ ಬೆಲೆ ಜಾಸ್ತಿ. ಥಂಡಿಯಲ್ಲಿ ಕೋಳಿ ನೀರು ಕಡಿಮೆ ಕುಡಿಯುವುದರಿಂದ ಎಷ್ಟು ಒಳಗೆ ಹೋಯಿತೆಂದು ಹೇಳುವುದೂ ಕಷ್ಟ. ಅದರಲ್ಲಿ ಸಾಮಾನ್ಯವಾಗಿ ವಿಟಮಿನ್ ಡಿ3 ಇರುತ್ತದೆ, ಬಿಸಿಲೇ ಕಾಣದ ವಾರಗಳಲ್ಲಿ ಅದು ಉಪಯೋಗ. ನಿಜವಾಗಿ ಕೈಹಿಡಿಯುವುದು ಮೊಟ್ಟೆ ಒಳಗೇ ಸಿಕ್ಕಿಕೊಂಡಾಗ. ಕೋಳಿ ಪುಕ್ಕ ಉಬ್ಬಿಸಿ, ಬಾಲ ಇಳಿಸಿ, ತಿಣುಕುತ್ತಾ ಕೂತಿರುತ್ತದೆ. ಆಗ ಉಗುರುಬೆಚ್ಚಗಿನ ನೀರಲ್ಲಿ ಹಿಂಭಾಗ ಮುಳುಗುವಂತೆ 15–20 ನಿಮಿಷ ಕೂರಿಸಿ. ಒರೆಸಿ, ಬೆಚ್ಚಗಿನ ಕತ್ತಲೆ ಜಾಗದಲ್ಲಿ ಬಿಡಿ. ಬಾಟಲಿ ಕ್ಯಾಲ್ಸಿಯಂ ಅನ್ನು ಕೊಕ್ಕಿನ ಅಂಚಿಗೆ ಹನಿಹನಿಯಾಗಿ ಕೊಡಿ, ಸುರಿದರೆ ಶ್ವಾಸಕ್ಕೆ ಹೋಗುತ್ತದೆ. ಹೊಟ್ಟೆ ಹಿಸುಕುವುದು, ಒಳಗೇ ಮೊಟ್ಟೆ ಒಡೆಯುವುದು ಖಂಡಿತ ಬೇಡ. ಕೆಲವು ಗಂಟೆಯಲ್ಲಿ ಮೊಟ್ಟೆ ಬಾರದಿದ್ದರೆ ಪಶುವೈದ್ಯರ ಹತ್ತಿರ ಒಯ್ಯಿರಿ, ಕ್ಯಾಲ್ಸಿಯಂ ಇಂಜೆಕ್ಷನ್ ಅವರೇ ಕೊಡಬೇಕು. ಹಾಸನದ ಕಡೆಯವರಿಗೆ ಅಲ್ಲಿನ ಪಶುವೈದ್ಯಕೀಯ ಕಾಲೇಜು ಇದೆ. ತಡ ಮಾಡಿದರೆ ಕೋಳಿ ಉಳಿಯುವುದಿಲ್ಲ.

ಹಲವು ಕೋಳಿಗಳು ಒಟ್ಟಿಗೇ ಸುಕ್ಕುಗಟ್ಟಿದ, ಸೊಟ್ಟ ಮೊಟ್ಟೆ ಇಟ್ಟು, ಜೊತೆಗೆ ಸೀನು, ಗೊರಗೊರ ಉಸಿರು ಇದ್ದರೆ ಈ ಮೂರೂ ಕೆಲಸಕ್ಕೆ ಬರುವುದಿಲ್ಲ. ಅದು ಕೊಕ್ಕರೆ ರೋಗವೋ (ರಾಣಿಖೇತ್), ಬ್ರಾಂಕೈಟಿಸ್ ಅನ್ನುವ ಉಸಿರಾಟದ ಸೋಂಕೋ ಇರಬಹುದು. ಅಂಥ ಕೋಳಿಗಳನ್ನು ಮೊದಲು ಬೇರೆ ಕಡೆ ಕೂಡಿಹಾಕಿ, ಅವತ್ತೇ ಡಾಕ್ಟರಿಗೆ ಹೇಳಿ.